ಹತ್ತು ಬರಲೇ ಇಲ್ಲ

"ಏಳಾದ ಮೇಲೆ ಏನು?"

ಆ ಬೆಳಿಗ್ಗೆ ಕೊಟ್ರಮ್ಮ ಟೀಚರ್ ಈ ಪ್ರಶ್ನೆ ಕೇಳುತ್ತಿದ್ದುದು ಒಂಬತ್ತನೆಯ ಸಲ. ಒಂದನೆಯ ತರಗತಿಯ ಇಪ್ಪತ್ತಾರು ಮಕ್ಕಳು ಕಣ್ಣು ಪಿಳಿಪಿಳಿ ಬಿಡುತ್ತ ಅವರನ್ನೇ ನೋಡಿದರು. ಯಾರಿಗೂ ಭಯವಿರಲಿಲ್ಲ, ನಾಚಿಕೆಯೂ ಇರಲಿಲ್ಲ. ಪ್ರಶ್ನೆಯೇ ಅರ್ಥವಾಗದವರ ಮುಖ ಹೇಗಿರುತ್ತದೋ ಹಾಗಿದ್ದವು ಆ ಮುಖಗಳು.

"ಏಳಾದ ಮ್ಯಾಲೆ ನಮ್ಮವ್ವ ಭಟ್ಟಿಗೆ ಹೋಗ್ತಾಳೆ ಮಿಸ್," ಎಂದಿತು ಹಿಂದಿನ ಸಾಲಿನ ಒಂದು ದನಿ.

"ಗಂಟೆ ಕೇಳ್ಲಿಲ್ಲಪ್ಪ ನಾನು! ಸಂಖ್ಯೆ ಕೇಳಿದ್ದು! ಒಂದು, ಎರಡು, ಮೂರು ಅಂತ ಹೇಳ್ತಾ ಹೋದ್ರೆ ಏಳಾದ ಮೇಲೆ ಏನು ಬರುತ್ತೆ?"

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸಂಖ್ಯೆಗಳು ಒಂದರ ಹಿಂದೆ ಒಂದು ಬರಬೇಕೆಂಬ ಕಾನೂನು ಅವರಿಗೆ ಗೊತ್ತಿರಲಿಲ್ಲ.

ಕೊಟ್ರಮ್ಮ ತಾಳ್ಮೆ ಕಳೆದುಕೊಂಡು ಮೇಜಿನ ಮೇಲಿದ್ದ ಡಬ್ಬಿಯಿಂದ ಒಂದು ಹಿಡಿ ಹುಣಸೆಬೀಜ ತೆಗೆದು ನೆಲಕ್ಕೆ ಚೆಲ್ಲಿದರು. ಬೀಜಗಳು ಉರುಳಿ ನಿಲ್ಲುವ ಮೊದಲೇ ಇಪ್ಪತ್ತಾರು ಬಾಯಿಗಳು ಒಟ್ಟಿಗೆ ಕೂಗಿದವು: "ನಲವತ್ತಮೂರು!"

ಅವರು ಬಗ್ಗಿ ಎಣಿಸಿದರು. ಎಣಿಸಲು ಮುಕ್ಕಾಲು ನಿಮಿಷವೇ ಬೇಕಾಯಿತು. ನಲವತ್ತಮೂರೇ ಇತ್ತು.

ದಾವಣಗೆರೆಯ ಮಂಡಕ್ಕಿ ಹುರಿಯುವ ಭಟ್ಟಿಗಳ ಪಕ್ಕದ ಆ ಸರ್ಕಾರಿ ಶಾಲೆಗೆ 'ಸಂಖ್ಯಾನೇತ್ರ' ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ನೋಡಲು ಅದು ಹೆಣ್ಣುಮಕ್ಕಳು ಕೂದಲಿಗೆ ಹಾಕುವ ಹೇರ್‌ಬ್ಯಾಂಡಿನಂತಹ ಒಂದು ಪಟ್ಟಿ. ಮಕ್ಕಳು ಅದನ್ನು ರಿಬ್ಬನ್ ಎಂದೇ ಕರೆಯುತ್ತಿದ್ದರು. ಅದರ ಹಿಂದಿನ ವಿಜ್ಞಾನವನ್ನು ತರಬೇತಿಯ ದಿನ ಧಾರವಾಡದ ಪ್ರಯೋಗಾಲಯದಿಂದ ಬಂದಿದ್ದ ಡಾ. ಶಾಲ್ಮಲಾ ಇಟಗಿ ಚೆನ್ನಾಗಿಯೇ ವಿವರಿಸಿದ್ದರು. ಮೂರು ಬೀಜ ಕಂಡರೆ ನಾವು ಯಾರೂ ಎಣಿಸುವುದಿಲ್ಲ, ಮೂರು ಎಂದು ಸುಮ್ಮನೆ ಕಾಣುತ್ತದೆ. ನಾಲ್ಕು ದಾಟಿತೆಂದರೆ ಕಣ್ಣು ಸೋಲುತ್ತದೆ, ಎಣಿಸಬೇಕಾಗುತ್ತದೆ. ಮೂರನ್ನು ಕಾಣುವ ಆ ಶಕ್ತಿ ಮಿದುಳಿನ ಮೇಲ್ಭಾಗದ ಒಂದು ಸಣ್ಣ ಜಾಗದಲ್ಲಿದೆ. ಎಳೆಯ ವಯಸ್ಸಿನಲ್ಲಿ ಆ ಜಾಗಕ್ಕೆ ಅತಿ ಸಣ್ಣ ವಿದ್ಯುತ್ ಮಿಡಿತ ಕೊಡುತ್ತ, ಅದೇ ಹೊತ್ತಿಗೆ ಪರದೆಯ ಮೇಲೆ ಚುಕ್ಕಿಗಳನ್ನು ತೋರಿಸಿ ಅವು ಎಷ್ಟೆಂದು ಕೇಳಿಸುತ್ತ ಹೋದರೆ, ಅದು ಮೂರರಿಂದ ಹತ್ತಕ್ಕೆ, ಹತ್ತರಿಂದ ನೂರಕ್ಕೆ ಹಿಗ್ಗುತ್ತದೆ. ದಿನಕ್ಕೆ ಇಪ್ಪತ್ತು ನಿಮಿಷ, ನಲವತ್ತು ದಿನ. ಅಷ್ಟೇ. ಆಮೇಲೆ ಮಗುವಿಗೆ ಮೂವತ್ತೇಳು ಎಂಬುದು ಕೆಂಪು, ಹಸಿರು ಎಂಬಂತೆ ಕಣ್ಣಿಗೆ ಬೀಳುತ್ತದೆ. ಜೀವನಪೂರ್ತಿ.

ಸುಳ್ಳೇನೂ ಇರಲಿಲ್ಲ. ಹಾಗೆಯೇ ಆಯಿತು. ಆಗಸ್ಟ್ ಮುಗಿಯುವಷ್ಟರಲ್ಲಿ ತಬಸ್ಸುಮ್ ಎಂಬ ಆರು ವರ್ಷದ ಹುಡುಗಿ ಭಟ್ಟಿಯ ತಗಡಿನ ಮೇಲೆ ಕೂತ ಪಾರಿವಾಳಗಳನ್ನು ಕಿಟಕಿಯಿಂದ ನೋಡಿ, "ಮೂವತ್ತೊಂದು... ಈಗ ಇಪ್ಪತ್ತೊಂಬತ್ತು... ಹಾಂ, ಮತ್ತೆ ಮೂವತ್ತನಾಲ್ಕು," ಎಂದು ತನ್ನಷ್ಟಕ್ಕೆ ಹಾಡಿಕೊಳ್ಳುತ್ತಿದ್ದಳು. ಮೂವತ್ತು ವರ್ಷದಿಂದ ಒಂದನೇ ತರಗತಿಗೇ ಪಾಠ ಮಾಡುತ್ತಿದ್ದ ಕೊಟ್ರಮ್ಮನಿಗೆ ಅದನ್ನು ಕೇಳಿ ಹೊಟ್ಟೆಕಿಚ್ಚಾಗಿತ್ತು. ಎಂಥ ಚಂದದ ಕಣ್ಣು ಅದು!

ಅಕ್ಟೋಬರ್‌ನಲ್ಲಿ, 'ಏಳಾದ ಮೇಲೆ ಏನು' ಎಂದು ಒಂಬತ್ತು ಸಲ ಕೇಳಿ ಗಂಟಲು ಕಟ್ಟಿದ ಆ ದಿನ, ಮನೆಗೆ ಬಂದು ಚೀಲ ಎಸೆದವರೇ ಗಂಡನ ಮುಂದೆ ಗೊಣಗಿದರು. ಗಂಡ ವೀರಭದ್ರಪ್ಪ ಬಡಗಿ ಕೆಲಸ ಬಿಟ್ಟು ಮೂರು ವರ್ಷವಾಗಿತ್ತು. ಈಗ ಮಠದ ಭಜನೆ ಮೇಳದಲ್ಲಿ ತಬಲ ಬಾರಿಸುವುದೇ ಅವರ ಉದ್ಯೋಗ.

"ಎಷ್ಟಿದಾವೆ ಅಂತ ಗೊತ್ತು. ಆದ್ರೆ ಎಣಿಸೋಕೆ ಬರಲ್ಲ. ಇದೆಂಥ ಗ್ರಾಚಾರ ಹೇಳ್ರಿ?"

"ಗೊತ್ತಿದ್ದ ಮ್ಯಾಲೆ ಯಾಕೆ ಎಣಿಸ್ಬೇಕು?" ಎಂದರು ವೀರಭದ್ರಪ್ಪ, ಅವರೆಕಾಯಿ ಸುಲಿಯುತ್ತ.

"ನೀವೂ ಹಂಗೇ ಅಂತೀರಾ?"

"ಅಲ್ಲ ಕಣೇ, ನಂಗೆ ಒಂದ್ ಅನುಮಾನ. ಕಣ್ಣಿಗೆ ಕಾಣೋದು ಸರಿ. ತಾಳ ಕಣ್ಣಿಗೆ ಕಾಣಲ್ಲವಲ್ಲ? ನಾನು ಹದಿನಾರು ಮಾತ್ರೆ ಬಾರಿಸಿದ್ರೆ ಅದು ಎಲ್ಲೈತೆ ಅಂತ ನೋಡ್ತಾವೆ ಆ ಮಕ್ಕಳು? ಒಂದು ಹೊಡೆದಾಗ ಇನ್ನೊಂದು ಹೋಗಿರ್ತೈತೆ. ನಾಳೆ ಚಪ್ಪಾಳೆ ತಟ್ಟಿ ಕೇಳು."

ಮರುದಿನ ಕೊಟ್ರಮ್ಮ ಕಿಟಕಿಯ ಕಡೆ ತಿರುಗಿ ನಿಂತು ಐದು ಚಪ್ಪಾಳೆ ತಟ್ಟಿದರು. "ಎಷ್ಟು?"

ಮಕ್ಕಳು ನೆಲ ನೋಡಿದರು, ಗೋಡೆ ನೋಡಿದರು. ತಬಸ್ಸುಮ್ ಮೆಲ್ಲನೆ ಎದ್ದು ಬಂದು ಟೀಚರ ಎರಡೂ ಕೈ ಬಿಡಿಸಿ, ಅಂಗೈ ನೋಡಿ, "ಎರಡು ಮಿಸ್," ಎಂದಳು.

ಕೊಟ್ರಮ್ಮನಿಗೆ ಆಗ ಹೊಳೆಯಿತು. ಎತ್ತಿಕೊಂಡೇ ತಿರುಗಿಸಿದ ಕೂಸಿಗೆ ಕಾಲಿನ ಬಳಕೆ ಗೊತ್ತಾಗದ ಹಾಗೆ, ಎಣಿಸದೆಯೇ ಉತ್ತರ ಸಿಕ್ಕುವ ಈ ಮಕ್ಕಳಲ್ಲಿ ಎಣಿಸುವುದು ಹುಟ್ಟಿಯೇ ಇರಲಿಲ್ಲ.

ಅವರು ಅದನ್ನು ಯೋಜನೆಯ ಆ್ಯಪ್‌ನಲ್ಲಿ ಬರೆದರು. 'ಸಮಸ್ಯೆಯ ವಿಧ' ಎಂಬಲ್ಲಿ ಆಯ್ಕೆಗಳಿದ್ದವು: ಪಟ್ಟಿ ಚಾರ್ಜ್ ಆಗುತ್ತಿಲ್ಲ, ಪಟ್ಟಿ ಬಿಗಿಯಾಗಿದೆ, ಪಟ್ಟಿ ಕಳೆದಿದೆ, ಇತರೆ. 'ಇತರೆ' ಒತ್ತಿದರೆ ನೂರು ಅಕ್ಷರ ಮೀರದಂತೆ ಬರೆಯಬೇಕು. ನಾಲ್ಕು ಸಲ ಅಳಿಸಿ ಬರೆದು ಕಳಿಸಿದರು. ಮೂರನೆಯ ದಿನ ಉತ್ತರ ಬಂತು: 'ನಿಮ್ಮ ದೂರು ಪರಿಹರಿಸಲಾಗಿದೆ. ನಮ್ಮ ಸೇವೆಗೆ ಎಷ್ಟು ನಕ್ಷತ್ರ ಕೊಡುವಿರಿ?'

ಮತ್ತೆ ಕಳಿಸಿದರು. ಮತ್ತೆ ಪರಿಹಾರವಾಯಿತು. ಮೂರನೆಯ ಸಲ ಯೋಜನೆಯ ತಾಲ್ಲೂಕು ಸಂಯೋಜಕ ಇಂದೂಧರ ಖುದ್ದಾಗಿ ಬೈಕಿನಲ್ಲಿ ಬಂದ. ಒಳ್ಳೆಯ ಹುಡುಗನೇ. ಆದರೆ ಕೈಯಲ್ಲಿ ಟ್ಯಾಬ್ ಹಿಡಿದರೆ ಮುಖ ಮೇಲೆತ್ತುತ್ತಿರಲಿಲ್ಲ.

"ಮೇಡಂ, ನಿಮ್ಮ ಕ್ಲಾಸು ತೊಂಬತ್ತೆಂಟು ಪರ್ಸೆಂಟು. ಜಿಲ್ಲೆಗೇ ಎರಡನೇ ಸ್ಥಾನ. ನೀವು ದೂರು ಕೊಡ್ತಿದೀರಲ್ಲ!"

"ಚಪ್ಪಾಳೆ ಎಣಿಸೋಕೆ ಬರಲ್ಲ ಇಂದೂಧರ."

"ಪರೀಕ್ಷೆಯಲ್ಲಿ ಚಪ್ಪಾಳೆ ಇಲ್ವಲ್ಲ ಮೇಡಂ. ಎಲ್ಲಾ ಚಿತ್ರಗಳೇ."

ಕೊಟ್ರಮ್ಮ ಹಣೆ ಒತ್ತಿಕೊಂಡರು. ನವೆಂಬರ್‌ನಲ್ಲಿ ಶಾಲೆಯ ಕಾರ್ಯಕ್ರಮವಾಯಿತು. ವೇದಿಕೆಯ ಮೇಲೆ ಚೆಲ್ಲಿದ ಬಣ್ಣದ ಗುಂಡುಗಳನ್ನು ಕಂಡ ಕೂಡಲೇ 'ಎಂಬತ್ತೆಂಟು' ಎಂದು ಕೂಗಿದ ತಬಸ್ಸುಮ್‌ಗೆ 'ಗಣಿತ ಪ್ರವೀಣೆ' ಎಂಬ ಪ್ರಮಾಣಪತ್ರ ಕೊಟ್ಟರು. ಭಟ್ಟಿಯ ಕೆಲಸ ಅರ್ಧಕ್ಕೆ ಬಿಟ್ಟು ಬಂದಿದ್ದ ತಾಯಿ ಶಬಾನಾ ಮೊದಲ ಸಾಲಿನಲ್ಲಿ ಕೂತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪ್ರಮಾಣಪತ್ರದ ಕೆಳಗೆ ತರಗತಿ ಶಿಕ್ಷಕಿಯ ರುಜು ಇರಬೇಕಿತ್ತು. ಕೊಟ್ರಮ್ಮ ಹಾಕಿದರು. ಜಗಳವಾಡಿ ಸಾಕಾಗಿತ್ತು. ಯಾರಿಗೂ ಬೇಡದ ಮಾತನ್ನು ಎಷ್ಟು ದಿನ ಆಡುವುದು ಎನ್ನಿಸಿಬಿಟ್ಟಿತ್ತು.

ಡಿಸೆಂಬರ್ ಎರಡನೇ ವಾರದ ಒಂದು ಮಧ್ಯಾಹ್ನ, ಬಿಸಿಯೂಟದ ಹೊತ್ತಿಗೆ, ಭಟ್ಟಿಯ ಒಬ್ಬ ಹೆಂಗಸು ಓಡಿ ಬಂದಳು. "ಟೀಚರ್, ಶಬಾನಾನ ಸಣ್ಣ ಕೂಸಿಗೆ ಏನೋ ಆಗೈತೆ. ಆಸ್ಪತ್ರೆಗೆ ಹೋದ್ರು. ತಬಸ್ಸುಮ್ ಮನ್ಯಾಗೆ ಒಬ್ಳೇ ಬಾಗ್ಲಾ ಹಾಕ್ಕೊಂಡು ಕುಂತಾಳೆ, ಯಾರು ಕರೆದ್ರೂ ತಗೀತಿಲ್ಲ."

ತಬಸ್ಸುಮ್ ಅಂದು ಶಾಲೆಗೆ ಬಂದಿರಲಿಲ್ಲ. ಎಂಟು ತಿಂಗಳ ತಂಗಿಗೆ ಜ್ವರವಿತ್ತು. ರಜೆ ಹಾಕಿದರೆ ಭಟ್ಟಿಯಲ್ಲಿ ಕೆಲಸ ಬೇರೆಯವರಿಗೆ ಹೋಗುತ್ತದೆಂದು ಶಬಾನಾ ದೊಡ್ಡವಳನ್ನು ಕೂಸಿನ ಬಳಿ ಬಿಟ್ಟು ಹೋಗಿದ್ದಳು. ನಾಲ್ಕು ಹೆಜ್ಜೆ ಆಚೆಗೇ ಭಟ್ಟಿ.

ಕೊಟ್ರಮ್ಮ ಹೋಗಿ ಬಾಗಿಲ ಬಳಿ ಕೂತರು. ಅಕ್ಕಪಕ್ಕದ ಭಟ್ಟಿಗಳ ಹೊಗೆ ಆ ಓಣಿಯಲ್ಲಿ ಸೊಂಟದ ಎತ್ತರಕ್ಕೆ ನಿಂತಿತ್ತು.

"ತಬಸ್ಸುಮ್, ನಾನು ಕಣಮ್ಮ. ನಿಮ್ಮ ಮಿಸ್."

ಬಹಳ ಹೊತ್ತಾದ ಮೇಲೆ ಚಿಲಕ ಸರಿಯಿತು. ಹುಡುಗಿಯ ಕೈಯಲ್ಲಿ ಒಂದು ಖಾಲಿ ಬಾಟಲಿ ಇತ್ತು, ಮಕ್ಕಳ ಜ್ವರಕ್ಕೆ ಕೊಡುವ ಹನಿ ಔಷಧದ್ದು, ಮುಚ್ಚಳಕ್ಕೆ ಹಿಂಡಿದರೆ ಹನಿ ಬೀಳುವ ರಬ್ಬರಿನ ಪಿಳ್ಳೆ ಇರುವಂಥದು.

"ಅಮ್ಮಿ ಹತ್ತು ಹನಿ ಹಾಕು ಅಂದಿತ್ತು ಮಿಸ್. ಚಮಚದಾಗೆ ಹಾಕಿ ಕುಡಿಸು ಅಂದಿತ್ತು," ಎಂದಳು. ಅಳುತ್ತಿರಲಿಲ್ಲ. ಅತ್ತು ಮುಗಿದಿತ್ತು. "ನಾನು ಹಾಕಿದೆ. ಚಮಚದಾಗೆ ನೋಡಿದ್ರೆ ಒಂದು. ಮತ್ತೆ ಹಾಕಿದೆ. ಒಂದೇ. ತುಂಬ್ತು, ಕುಡಿಸಿದೆ. ಮತ್ತೆ ಹಾಕಿದೆ, ನೋಡ್ದೆ. ಒಂದೇ. ಎಷ್ಟು ಹಾಕಿದ್ರೂ ಹತ್ತು ಬರ್ಲೇ ಇಲ್ಲ ಮಿಸ್."

ಕೊಟ್ರಮ್ಮ ಆ ಮಗುವನ್ನು ಎಳೆದು ಅಪ್ಪಿಕೊಂಡರು. ಚಮಚದೊಳಗೆ ಹನಿಗಳು ಒಂದಕ್ಕೊಂದು ಕೂಡಿ ಒಂದೇ ಆಗುವುದನ್ನು ಈ ಕಣ್ಣು ಎಷ್ಟು ನಿಷ್ಠೆಯಿಂದ ನೋಡಿತ್ತು! ಎಂದೂ ತಪ್ಪದ ಕಣ್ಣು. ನೂರು ಸಲ ನೋಡಿದರೂ ಅದು ಸರಿಯನ್ನೇ ಹೇಳುತ್ತಿತ್ತು. ಒಂದು.

ಆಸ್ಪತ್ರೆಯ ಮಕ್ಕಳ ವಾರ್ಡಿನ ಹೊರಗೆ ಶಬಾನಾ ಗೋಡೆಗೊರಗಿ ನಿಂತಿದ್ದಳು. ಕೂದಲಿನಲ್ಲಿ ಇನ್ನೂ ಹೊಟ್ಟಿನ ಧೂಳು. ಅರ್ಧ ಗಂಟೆಗೊಮ್ಮೆ ಕೂಸನ್ನು ನೋಡಿ ಹೋಗುವ ರೂಢಿಯಿಂದ ಅವಳು ಮನೆಗೆ ಬಂದಾಗ ಖಾಲಿ ಬಾಟಲಿ ಕಂಡಿತ್ತು. ಅದೇ ಪುಣ್ಯ. ಔಷಧ ಯಕೃತ್ತಿಗೆ ಹತ್ತುವ ಮೊದಲೇ ತಂದಿರಿ, ಅದರ ವಿಷ ಇಳಿಸುವ ಮದ್ದು ಹಾಕಿದ್ದೇವೆ, ಮೂರು ದಿನ ಕಾಯಬೇಕು ಎಂದಿದ್ದರು ವೈದ್ಯರು.

ಕೊಟ್ರಮ್ಮನನ್ನು ಕಂಡದ್ದೇ ತಡ ಶಬಾನಾ ಸಿಡಿದಳು.

"ಯಾಕ್ ಬಂದ್ರಿ ಟೀಚರ್? ಇನ್ನೊಂದ್ ಸರ್ಟಿಫಿಕೇಟ್ ಕೊಡೋಕಾ? ಸ್ಟೇಜ್ ಮ್ಯಾಲೆ ನಿಲ್ಸಿ ಎಲ್ರ ಮುಂದೆ ಹೇಳಿದ್ರಲ್ಲ, ನಿನ್ ಮಗಳಿಗೆ ನೂರರ ತನಕ ಬರ್ತೈತೆ ಅಂತ! ನೂರು ಬರೋಳಿಗೆ ಹತ್ತು ಹನಿ ಬರಲ್ಲ ಅಂತ ನಾನು ಕನಸು ಕಂಡಿದ್ನಾ? ನಂಗೆ ಓದು ಇಲ್ಲ. ನೀವು ಹೇಳಿದ್ದು ನಂಬಿದೆ. ಕೆಳಗೆ ನಿಮ್ದೇ ಸಹಿ ಐತೆ."

"ಹೌದು," ಎಂದರು ಕೊಟ್ರಮ್ಮ. "ನಂದೇ ಸಹಿ."

ಮೂರು ದಿನವೂ ಶಾಲೆ ಬಿಟ್ಟ ಕೂಡಲೇ ಅವರು ಆಸ್ಪತ್ರೆಗೆ ಹೋಗಿ ಆ ಬೆಂಚಿನ ಇನ್ನೊಂದು ತುದಿಯಲ್ಲಿ ಕೂತರು. ಶಬಾನಾ ಮಾತಾಡಿಸಲಿಲ್ಲ, ಹೋಗಿರೆಂದೂ ಹೇಳಲಿಲ್ಲ. ನಾಲ್ಕನೆಯ ದಿನ ಕೂಸು ಹಾಲಿಗೆ ಅತ್ತಿತು. ವೈದ್ಯರು ಮನೆಗೆ ಕಳಿಸಿದರು.

ಅದರ ಮರುದಿನ ಬೆಳಿಗ್ಗೆ ಕೊಟ್ರಮ್ಮ ಧಾರವಾಡದ ಬಸ್ಸು ಹತ್ತಿದರು. ಜೊತೆಗೆ ಇಂದೂಧರನನ್ನೂ ಹತ್ತಿಸಿದರು. ಅವನು ಮೀಟಿಂಗ್ ಇದೆ ಎಂದು ಒದ್ದಾಡಿದ. "ಆ ಕೂಸಿನ ಮುಖ ನೋಡ್ಕೊಂಡು ಬಂದು ಆಮೇಲೆ ಮೀಟಿಂಗಿಗೆ ಹೋಗು," ಎಂದದ್ದಕ್ಕೆ ಬಾಯಿ ಮುಚ್ಚಿಕೊಂಡು ಬಂದ.

ಡಾ. ಶಾಲ್ಮಲಾ ಪ್ರಯೋಗಾಲಯದ ನಿಯಂತ್ರಣ ಕೊಠಡಿಯಲ್ಲಿ ಅವರನ್ನು ಕೂರಿಸಿದರು. ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಮಿದುಳಿನ ಚಿತ್ರಗಳು. ಗಾಜಿನ ಆಚೆಯ ಕೋಣೆಯಲ್ಲಿ ಏಳು ವರ್ಷದ ಒಂದು ಹುಡುಗಿ ತಲೆಗೆ ತಂತಿಗಳ ಟೋಪಿ ಹಾಕಿಕೊಂಡು ಚಿತ್ರ ಬರೆಯುತ್ತಿದ್ದಳು.

"ನನ್ನ ಮಗಳು, ಮೇದಿನಿ," ಎಂದರು ಶಾಲ್ಮಲಾ. "ಎಲ್ಲಾರಿಗಿಂತ ಮೊದಲ ಪಟ್ಟಿ ಹಾಕ್ಕೊಂಡಾಕಿ ಇಕಿನ. ಬ್ಯಾರೆ ಮಕ್ಕಳ ಮ್ಯಾಲೆ ಪ್ರಯೋಗ ಮಾಡೂಕಿಂತ ಮೊದಲ ನಮ್ಮ ಮನ್ಯಾಗ ಮಾಡೇವ್ರಿ."

ಕೊಟ್ರಮ್ಮ ನಡೆದದ್ದನ್ನೆಲ್ಲ ಹೇಳಿದರು. ಶಾಲ್ಮಲಾ ಬಹಳ ಗಮನವಿಟ್ಟು ಕೇಳಿದರು. ಕೇಳಿ, "ಆ ಕೂಸಿನ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತು. ಆದರ ಟೀಚರ್, ಆರು ವರ್ಷದ ಹುಡುಗಿ ಕೈಯಾಗ ಔಷಧ ಕೊಟ್ಟದ್ದು ತಪ್ಪಲ್ಲೇನ್ರಿ? ಪಟ್ಟಿ ಏನು ಮಾಡ್ತದ ಅದಕ್ಕ?" ಎಂದರು.

ಕೊಟ್ರಮ್ಮನಿಗೆ ಮೈ ಉರಿಯಿತು. ಇಷ್ಟು ದೂರ ಬಂದು ಮತ್ತೆ ಅದೇ ಮಾತು! ಅವರು ವಾದಿಸಲಿಲ್ಲ. ಎದ್ದು ಗಾಜಿನ ಬಾಗಿಲು ತಳ್ಳಿಕೊಂಡು ಒಳಗೆ ಹೋದರು. ಸಹಾಯಕನೊಬ್ಬ "ಮೇಡಂ, ಒಳಗ ಹೋಗಂಗಿಲ್ರಿ" ಎನ್ನುತ್ತ ಹಿಂದೆಯೇ ಓಡಿದ.

"ಪುಟ್ಟಿ, ಸ್ವಲ್ಪ ಕೇಳು," ಎಂದು ಕೊಟ್ರಮ್ಮ ಮೇಜಿನ ಮೇಲೆ ಬೆರಳ ಗೆಣ್ಣಿನಿಂದ ಐದು ಸಲ ಕುಟ್ಟಿದರು. "ಎಷ್ಟು?"

ಮೇದಿನಿ ಮೇಜು ನೋಡಿದಳು. ಟೀಚರ ಬೆರಳು ನೋಡಿದಳು. ಮೇಜಿನ ಕೆಳಗೂ ಬಗ್ಗಿ ನೋಡಿದಳು.

"ಎಲ್ಲಿ?" ಎಂದಳು.

"ಈಗ ಕುಟ್ಟಿದೆನಲ್ಲ, ಟಕ್ ಟಕ್ ಅಂತ. ಎಷ್ಟು ಸಲ?"

"ಕಾಣವಲ್ಲದು," ಎಂದಳು ಹುಡುಗಿ. ಬೇಸರವೂ ಇಲ್ಲದೆ, ಬಾಗಿಲಲ್ಲಿ ನಿಂತ ಅಮ್ಮನ ಕಡೆ ತಿರುಗಿ ಕೇಳಿದಳು. "ಅವ್ವಾ, ಎಲ್ಲಿ ಅದಾವ?"

ಶಾಲ್ಮಲಾ ತಾವೇ ಬಂದು ಕುಟ್ಟಿದರು. ನಾಲ್ಕು ಸಲ. ಆಮೇಲೆ ಮೂರು ಸಲ. ಮೂರಕ್ಕೂ ಮಗಳು ಸುಮ್ಮನೆ ತಲೆ ಅಲ್ಲಾಡಿಸಿದಾಗ ಅವರ ಕೈ ಮೇಜಿನ ಮೇಲೆಯೇ ನಿಂತುಹೋಯಿತು. ನಿಯಂತ್ರಣ ಕೊಠಡಿಗೆ ಮರಳಿ ಬಂದು ಪರದೆಯ ಮೇಲಿನ ಚಿತ್ರವನ್ನು ಹಿಂದಕ್ಕೂ ಮುಂದಕ್ಕೂ ಸರಿಸಿದರು. ಚುಕ್ಕಿಗಳನ್ನು ನೋಡುವಾಗ ದೀಪಾವಳಿಯಂತೆ ಬೆಳಗುತ್ತಿದ್ದ ಜಾಗದ ಪಕ್ಕದಲ್ಲಿ, ಒಂದಾದ ಮೇಲೊಂದನ್ನು ಹಿಡಿದಿಟ್ಟುಕೊಳ್ಳುವ ಭಾಗ ಕುಟ್ಟಿದಾಗಲೂ ಮಂಕಾಗಿಯೇ ಇತ್ತು.

"ನಾವು ಕೇಳಿದ ಪ್ರಶ್ನೆ ಎಲ್ಲಾ ಪರದೆ ಮ್ಯಾಲೇ ಇದ್ದವು," ಎಂದರು ಶಾಲ್ಮಲಾ, ಯಾರಿಗೂ ಹೇಳಿದಂತಲ್ಲದ ದನಿಯಲ್ಲಿ. "ನಾಲ್ಕು ವರ್ಷ. ಒಂದು ಸಲನೂ ಕಣ್ಣ ಮುಚ್ಚು ಅಂತ ಹೇಳಲಿಲ್ಲ ನೋಡ್ರಿ ನಾನು."

"ನಾನು ಅಕ್ಟೋಬರ್‌ನಲ್ಲೇ ಬರೆದಿದ್ದೆ. ಮೂರು ಸಲ."

"ನನಗ ಬಂದೇ ಇಲ್ಲ ಅದು."

ಇಂದೂಧರ ಟ್ಯಾಬ್ ಕೆಳಗಿಟ್ಟಿದ್ದ. "ನನ್ನ ಹಂತದಲ್ಲೇ ಮುಚ್ಚಿದ್ದು ಮೇಡಂ," ಎಂದ. "ವಾರದೊಳಗೆ ಎಲ್ಲಾ ದೂರು ಮುಚ್ಚಬೇಕು ಅಂತ ನಿಯಮ ಇತ್ತು. ನಾನು... ಮುಚ್ಚಿದೆ."

ಮಗಳ ಕಣ್ಣಿನ ಶಕ್ತಿ ಮಾಯವಾಗುವುದಿಲ್ಲ, ಅದನ್ನು ತೆಗೆಯಲೂ ಬರುವುದಿಲ್ಲ ಎಂದರು ಶಾಲ್ಮಲಾ. ಆದರೆ ಎಣಿಸುವುದು ಕಲಿಯಲಾಗದು ಎಂದೇನೂ ಇಲ್ಲ. ಆ ಭಾಗ ಸತ್ತಿಲ್ಲ, ಕೆಲಸವಿಲ್ಲದೆ ಕೂತಿದೆ. ಎಬ್ಬಿಸುವುದು ಹೇಗೆ ಎಂಬುದು ಮಾತ್ರ ತಮಗೆ ಗೊತ್ತಿಲ್ಲ. ಯೋಜನೆ ನಿಲ್ಲಿಸಲು ವರದಿ ಬರೆಯುತ್ತೇನೆ. ಅದು ಸಮಿತಿಗೆ ಹೋಗಿ, ಸಮಿತಿ ಉಪಸಮಿತಿ ಮಾಡಿ, ಒಂದು ಏಳೆಂಟು ತಿಂಗಳು ಹಿಡಿಯಬಹುದು.

"ಅಷ್ಟರಲ್ಲಿ ನನ್ನ ಮಕ್ಕಳು ಎರಡನೇ ಕ್ಲಾಸಿಗೆ ಹೋಗಿರ್ತಾರೆ," ಎಂದು ಕೊಟ್ರಮ್ಮ ಎದ್ದರು. "ನಿಮ್ಮ ಸಮಿತಿಗೆ ನನ್ನ ನಮಸ್ಕಾರ ಹೇಳಿ."

ನಲವತ್ತು ದಿನ ಮುಗಿದ ಮೇಲೂ ಅಭ್ಯಾಸಕ್ಕೆಂದು ದಿನವೂ ಹಾಕಿಸಬೇಕಿದ್ದ ಇಪ್ಪತ್ತಾರು ಪಟ್ಟಿಗಳನ್ನೂ ಸೋಮವಾರ ಅವರು ಬೀರುವಿಗೆ ಹಾಕಿ ಬೀಗ ಜಡಿದರು. ಮಧ್ಯಾಹ್ನದೊಳಗೆ ಮೊಬೈಲಿಗೆ ಸಂದೇಶ ಬಂತು: 'ಇಂದು ನಿಮ್ಮ ತರಗತಿಯ ಬಳಕೆ ಸೊನ್ನೆ.' ಮಂಗಳವಾರ ಇನ್ನೊಂದು, ಬುಧವಾರ ಎಚ್ಚರಿಕೆ, ಮುಂದಿನ ವಾರ ಕಾರಣ ಕೇಳುವ ನೋಟಿಸು. ಪ್ರತಿಯೊಂದಕ್ಕೂ ಅವರು 'ಇತರೆ' ಒತ್ತಿ 'ಮಕ್ಕಳು ಎಣಿಸುತ್ತಿದ್ದಾರೆ' ಎಂದು ಉತ್ತರಿಸಿದರು. ಅದೂ ಸುಳ್ಳೇ. ಮಕ್ಕಳು ಎಣಿಸುತ್ತಿರಲಿಲ್ಲ.

ಎಷ್ಟು ಕಷ್ಟವಿತ್ತು ಅದು! ಮೂವತ್ತು ವರ್ಷ ಕಲಿಸಿದ್ದನ್ನೇ ಕಲಿಸುವುದಾದರೂ ಹಳೆಯ ಒಂದು ಉಪಾಯವೂ ನಡೆಯುತ್ತಿರಲಿಲ್ಲ. ಬೀಜ ಇಟ್ಟರೆ ಕಂಡುಬಿಡುತ್ತಿತ್ತು, ಕಡ್ಡಿ ಕಟ್ಟಿದರೆ ಕಂಡುಬಿಡುತ್ತಿತ್ತು, ಬೆರಳು ಮಡಚಲು ಹೇಳಿದರೆ ಮಡಚಿದ್ದೆಷ್ಟು ಎಂದು ನೋಡಿ ಹೇಳಿಬಿಡುತ್ತಿದ್ದರು.

"ಕಾಣ್ತೈತಲ್ಲ ಮಿಸ್, ಯಾಕೆ ಎಣಿಸ್ಬೇಕು?" ದಿನಕ್ಕೆ ಇಪ್ಪತ್ತು ಸಲ ಇದೇ ಪ್ರಶ್ನೆ. ಒಂದು ದಿನ ಕೊಟ್ರಮ್ಮ ಸೀಮೆಸುಣ್ಣ ನೆಲಕ್ಕೆ ಕುಕ್ಕಿ ಹೊರಗೆ ಹೋಗಿ ನಲ್ಲಿಯ ಹತ್ತಿರ ನಿಂತು ಅತ್ತುಬಂದರು.

ಕಡೆಗೆ ಕೈ ಹಿಡಿದದ್ದು ವೀರಭದ್ರಪ್ಪನ ತಬಲ. ಅವರು ತಾವಾಗಿಯೇ ಒಂದು ಶನಿವಾರ ಅದನ್ನು ಬಗಲಿಗೆ ಹಾಕಿಕೊಂಡು ಶಾಲೆಗೆ ಬಂದು, ಮಕ್ಕಳ ಕಣ್ಣಿಗೆಲ್ಲ ಕರವಸ್ತ್ರ ಕಟ್ಟಿಸಿದರು. "ಈಗ ಯಾರೂ ಏನೂ ನೋಡಂಗಿಲ್ಲ. ನಾನು ಒಂದ್ ಏಟು ಹಾಕಿದ್ರೆ ನೀವು ಒಂದ್ ಹೆಸ್ರು ಕರೀಬೇಕು. ಮೊದಲ್ನೇ ಏಟಿನ ಹೆಸ್ರು ಒಂದು. ಎರಡ್ನೇದರ ಹೆಸ್ರು ಎರಡು. ಕರೆದ ಹೆಸ್ರು ಮತ್ತೆ ಕರೆಯಂಗಿಲ್ಲ, ಹೋದೋರು ಹೋದ್ರು. ಕೊನೆಗೆ ಯಾರ ಹೆಸ್ರು ಕರೆದ್ರೋ ಅದೇ ಉತ್ತರ."

ಮಕ್ಕಳಿಗೆ ಆಟ ಹಿಡಿಸಿತು. ಮೂರರವರೆಗೆ ಬರಲು ಒಂದು ವಾರ, ಐದಕ್ಕೆ ಇನ್ನೊಂದು ವಾರ. ಹೆಸರು ತಪ್ಪಿದವರು ತಾವೇ ಕಿರುಚಾಡಿ ಮತ್ತೆ ಮೊದಲಿನಿಂದ ಶುರು ಮಾಡಿಸುತ್ತಿದ್ದರು. ಸಂಕ್ರಾಂತಿ ಕಳೆದು ಇಪ್ಪತ್ತು ದಿನಕ್ಕೆ ತರಗತಿ ಹನ್ನೆರಡು ಮುಟ್ಟಿತು. ಫೆಬ್ರವರಿ ಕೊನೆಗೆ ಇಪ್ಪತ್ತು. ಅಲ್ಲಿಂದ ಮುಂದೆ ಕಾಲು ಕೀಳಲೇ ಇಲ್ಲ. ಇಪ್ಪತ್ತಾದ ಮೇಲೆ ಹೆಸರುಗಳು ಮತ್ತೆ ಕಲಸಿಹೋಗುತ್ತಿದ್ದವು.

ಈ ಆಟದಲ್ಲಿ ಸೇರದವಳು ಒಬ್ಬಳೇ, ತಬಸ್ಸುಮ್. ದಿನವೂ ಬರುತ್ತಿದ್ದಳು, ಕಣ್ಣು ಕಟ್ಟಿಸಿಕೊಳ್ಳುತ್ತಿದ್ದಳು, ತುಟಿ ಮಾತ್ರ ಬಿಚ್ಚುತ್ತಿರಲಿಲ್ಲ. ಡಿಸೆಂಬರ್‌ನಿಂದ ಆ ಹುಡುಗಿ ಒಂದೇ ಒಂದು ಸಂಖ್ಯೆಯನ್ನು ಬಾಯಿಂದ ಆಡಿರಲಿಲ್ಲ. ಪಾರಿವಾಳ ಬಂದು ಕೂತರೆ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದಳು. ಕೊಟ್ರಮ್ಮ ಒತ್ತಾಯಿಸಲಿಲ್ಲ. ಒತ್ತಾಯಿಸುವ ಹಕ್ಕು ತಮಗೆ ಉಳಿದಿಲ್ಲ ಎನಿಸಿತ್ತು.

ಶಾಲ್ಮಲಾರಿಂದ ಒಂದು ದಿನ ಫೋನು ಬಂತು. ವರದಿ ಕೊಟ್ಟಿದ್ದಾರೆ. ತಾತ್ಕಾಲಿಕವಾಗಿ ಎರಡು ಜಿಲ್ಲೆಗಳಲ್ಲಿ ಪಟ್ಟಿ ನಿಲ್ಲಿಸಿದ್ದಾರೆ. ಎಣಿಸಲು ಕಲಿತ ಮೇಲೆಯೇ ಪಟ್ಟಿ ಎಂಬ ಹೊಸ ಕ್ರಮ ಬರಬಹುದು. ದಾವಣಗೆರೆ ಆ ಎರಡರಲ್ಲಿ ಇಲ್ಲ. "ನೀವು ಹೆಂಗ ಕಲಸಾಕತ್ತೀರಿ ಅಂತ ಒಂದು ಟಿಪ್ಪಣಿ ಬರದು ಕಳಸ್ರಿ. ಮೇದಿನಿಗೂ ಬೇಕಾಗೇದ," ಎಂದರು. ಅದಕ್ಕೆ ಅವರು ಕಳಿಸಿದ ನಮೂನೆ ಹದಿನಾಲ್ಕು ಪುಟವಿತ್ತು. ಕೊಟ್ರಮ್ಮ ಅದನ್ನು ಮಡಚಿ ಚೀಲಕ್ಕೆ ತುರುಕಿ, ಕಾಗದದ ಒಂದು ಹಾಳೆಯಲ್ಲಿ, 'ಕಣ್ಣು ಕಟ್ಟಿ, ತಬಲ ಬಾರಿಸಿ, ಸಿಟ್ಟು ಮಾಡಬೇಡಿ. ಕೊನೆಯದು ನನ್ನ ಕೈಲಿ ಆಗಿಲ್ಲ' ಎಂದು ಬರೆದು ಅಂಚೆಗೆ ಹಾಕಿದರು.

ಮಾರ್ಚ್ ಮೊದಲ ವಾರ ವಾರ್ಷಿಕ ಮೌಲ್ಯಮಾಪನ. ಟ್ಯಾಬ್‌ನಲ್ಲೇ, ಅದೇ ಚಿತ್ರಗಳೇ. ಇಂದೂಧರ ಎಂಟೂವರೆಗೇ ಬಂದು ಕೂತಿದ್ದ. ನೋಟಿಸಿನ ಮುಂದಿನ ಹಂತ ಅಮಾನತು ಎಂದು ಅವನಿಗೂ ಗೊತ್ತಿತ್ತು, ಕೊಟ್ರಮ್ಮನಿಗೂ ಗೊತ್ತಿತ್ತು. ಮಕ್ಕಳೆಲ್ಲ ಬಂದರು. ಪ್ರಾರ್ಥನೆ ಮುಗಿಯಿತು. ಹಾಜರಿಯೂ ಮುಗಿಯಿತು. ತಬಸ್ಸುಮ್ ಇಲ್ಲ.

"ಇವತ್ತೇ ಬೇಕಿತ್ತಾ ಈ ಹುಡುಗಿಗೆ!" ಎಂದು ಕೊಟ್ರಮ್ಮ ಗೇಟಿಗೂ ಕೊಠಡಿಗೂ ನಾಲ್ಕು ಸಲ ಓಡಾಡಿದರು. ಒಬ್ಬರು ಗೈರಾದರೂ ಆ್ಯಪ್ ಮುಂದಕ್ಕೆ ಹೋಗುತ್ತಿರಲಿಲ್ಲ. ಒಂಬತ್ತೂಕಾಲು ದಾಟಿದ ಮೇಲೆ ಓಣಿಯ ತುದಿಯಲ್ಲಿ ಅವಳು ಕಂಡಳು. ಎಷ್ಟು ನಿಧಾನ! ಒಂದೊಂದೇ ಹೆಜ್ಜೆ ಊರಿ, ನಿಂತು, ಮತ್ತೆ ಊರಿ. ಸ್ವಲ್ಪ ದೂರಕ್ಕೊಮ್ಮೆ ಬಗ್ಗಿ ನೆಲದಿಂದ ಏನೋ ಆರಿಸಿ ಫ್ರಾಕಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಹತ್ತು ಹೆಜ್ಜೆ ಹಿಂದೆ ಕೂಸನ್ನು ಸೊಂಟಕ್ಕಿಟ್ಟುಕೊಂಡು ಶಬಾನಾ ಬರುತ್ತಿದ್ದಳು, ಮಗಳನ್ನು ಅವಸರಪಡಿಸದೆ.

"ಟೈಮ್ ಎಷ್ಟು? ಎಲ್ಲಾ ನಿನಗೋಸ್ಕರ ಕಾಯ್ತಾ ಕೂತಿದ್ದಾರೆ! ಕಲ್ಲು ಆರಿಸೋಕೆ ಇವತ್ತೇ ಆಗಬೇಕಿತ್ತಾ?" ಎಂದು ಕೊಟ್ರಮ್ಮ ಗದರಿಕೊಂಡರು.

ತಬಸ್ಸುಮ್ ಗೇಟಿನ ಹೊಸ್ತಿಲ ಮೇಲೆ ಕೊನೆಯ ಹೆಜ್ಜೆ ಇಟ್ಟು, "ಹದಿನಾಲ್ಕು," ಎಂದಳು.

ಕೊಟ್ರಮ್ಮ ಒಂದು ಹೆಜ್ಜೆ ಮುಂದೆ ಬಂದರು.

"ಏನಂದೆ?"

"ಹೆಜ್ಜೆ ಮಿಸ್. ನಮ್ಮನೆಯಿಂದ. ನಂಗೆ ಇಪ್ಪತ್ತರ ತನಕ ಹೆಸ್ರು ಸಾಲಾಗಿ ಬರ್ತಾವೆ. ಆಮ್ಯಾಲೆ ಯಾವುದರ ಹಿಂದೆ ಯಾವ್ದು ಅಂತ ಗೊತ್ತಿಲ್ಲ. ಅದಕ್ಕೆ ಇಪ್ಪತ್ತು ಮುಗಿದಂಗೆಲ್ಲ ಒಂದ್ ಕಲ್ಲು ಹಾಕ್ಕೊಂಡೆ. ಮತ್ತೆ ಒಂದರಿಂದ ಶುರು ಮಾಡ್ದೆ. ಕೊನೆಗೆ ಹದಿನಾಲ್ಕು ಉಳೀತು."

ಇದನ್ನು ಯಾರೂ ಅವಳಿಗೆ ಕಲಿಸಿರಲಿಲ್ಲ. ತರಗತಿ ಮುಂದೆ ಹೋಗಲಾರದೆ ನಿಂತಿದ್ದ ಗೋಡೆಯನ್ನು ಆ ಹುಡುಗಿ ಓಣಿಯ ಕಲ್ಲುಗಳಿಂದ ದಾಟಿ ಬಂದಿದ್ದಳು.

ಕೊಟ್ರಮ್ಮ ಮೊಣಕಾಲೂರಿ ಕೂತರು. "ಕಲ್ಲು ಎಷ್ಟಾಯ್ತು? ತೆಗೆದು ನೋಡು."

"ನೋಡಲ್ಲ," ಎಂದಳು ತಬಸ್ಸುಮ್. "ನೀವು ಕೈ ಹಿಡೀರಿ."

ಕೊಟ್ರಮ್ಮ ಅಂಗೈ ಒಡ್ಡಿದರು. ಹುಡುಗಿ ಕಣ್ಣು ಬಿಗಿಯಾಗಿ ಮುಚ್ಚಿ, ಜೇಬಿಗೆ ಕೈ ಹಾಕಿ, ಒಂದೊಂದೇ ಕಲ್ಲನ್ನು ಹೊರತೆಗೆದು, ಅದರ ಹೆಸರು ಕರೆದು, ಆ ಅಂಗೈಯಲ್ಲಿಡುತ್ತ ಹೋದಳು. ದನಿ ಮೊದಮೊದಲು ನಡುಗುತ್ತಿತ್ತು. ಆರರ ಹೊತ್ತಿಗೆ ಗಟ್ಟಿಯಾಯಿತು. ಹಿಂದೆ ಶಬಾನಾ ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ನಿಂತಿದ್ದಳು. ಇಂದೂಧರ ಟ್ಯಾಬ್ ಹಿಡಿದುಕೊಂಡು ಹೊರಗೆ ಬಂದವನು, "ಮೇಡಂ, ಟೈಮ್ ಮುಗೀತಾ ಬಂತು, ಲಾಗಿನ್..." ಎಂದು ಏನೋ ಹೇಳಲು ಹೋದ.

"ಸುಮ್ನಿರಪ್ಪ," ಎಂದರು ಕೊಟ್ರಮ್ಮ, ತಲೆ ಎತ್ತದೆ. "ಮಗು ಎಣಿಸ್ತಾ ಐತೆ."